ಪಾಲಿಶಿಗೆ ಮುಂಚಿನ ಮರ

ಮೆಟ್ಟಿಲಿರುವುದು ಹತ್ತುವುದಕ್ಕೆ, ಇಳಿಯುವುದಕ್ಕೆ. ಆದರೆ ಅದು ಮೆಟ್ಟಿಲಾಗುವ ಮುಂಚೆ, ಹಲಗೆ ಬೇರೆ, ಕಂಬ ಬೇರೆ, ಹಿಡಿಪಟ್ಟಿ ಬೇರೆಯಾಗಿ ಹಜಾರದಲ್ಲಿ ಸುಮ್ಮನೆ ಮಲಗಿರುವ ಕೆಲವು ವಾರಗಳಿವೆಯಲ್ಲ, ನನಗೆ ಆ ಕಾಲದ ಮೇಲೇ ಮೋಹ. ಉಜ್ಜುಗೊರಡು ಕೈಬಿಟ್ಟಿದೆ, ಪಾಲಿಶು ಇನ್ನೂ ಕೈಹಿಡಿದಿಲ್ಲ. ಎಲ್ಲಿಗೂ ಏರಿಸದ ಮೆಟ್ಟಿಲು ಅಜ್ಞಾತವಾಸದಲ್ಲಿದೆ.

ಮಲಗಿಸುವುದಕ್ಕೂ ಒಂದು ಕ್ರಮವುಂಟು. ಮಲೆನಾಡಿನ ಆಚಾರ್ರು ಹಲಗೆಯನ್ನು ನೆಲಕ್ಕೆ ತಾಗಿಸುವುದಿಲ್ಲ. ಮೊದಲು ರೀಪು, ಅದರ ಮೇಲೆ ಹಲಗೆ, ಮತ್ತೆ ರೀಪು, ಮತ್ತೆ ಹಲಗೆ. ಮೇಲಿನ ರೀಪು ಕೆಳಗಿನದರ ನೆತ್ತಿಗೇ ಬರಬೇಕು. ತಪ್ಪಿದರೆ ಹಲಗೆ ಬಾಗುತ್ತದೆ. ಗೋಡೆಗೊರಗಿಸಿದ ಹಿಡಿಪಟ್ಟಿಯಂತೂ ನಾಲ್ಕು ದಿನದಲ್ಲಿ ಸೊಂಟ ಬಗ್ಗಿಸುತ್ತದೆ. "ನಾಲ್ಕೂ ಕಡೆಯಿಂದ ಗಾಳಿ ಕುಡೀಲಿ ಬಿಡಿ ಮಾರಾಯ್ರೆ" ಅನ್ನುತ್ತಾರೆ ಆಚಾರ್ರು. ನಿಜವಾಗಿ ಕುಡಿಯುತ್ತದೆ. ಕಡಿದು ಎಷ್ಟು ಕಾಲವಾದರೂ ಮರ ಗಾಳಿಯ ಪಸೆಯನ್ನು ಹೀರುತ್ತ, ಬಿಡುತ್ತ ಇರುತ್ತದೆ. ಉದ್ದಕ್ಕೆ ಮಿಸುಕುವುದೇ ಇಲ್ಲವೆನ್ನಬೇಕು. ಅದರ ಆಟವೆಲ್ಲ ಅಗಲಕ್ಕೆ. ಸಾಧುವೆನಿಸಿದ ತೇಗವೇ ತೇವಾಂಶ ಶೇ. 8ರಿಂದ 12ಕ್ಕೆ ಏರಿದರೆ 10 ಅಂಗುಲದ ಹಲಗೆಯಲ್ಲಿ 2 ಮಿಲಿಮೀಟರಿನಷ್ಟು ಹಿಗ್ಗಬಲ್ಲದು. ಆಷಾಢದ ಹಲಗೆ ಬೇರೆ, ಫಾಲ್ಗುಣದ ಹಲಗೆ ಬೇರೆ! ಹೊಸ ಮನೆಯ ಗಾರೆ ಹಸಿಯಿರುವಾಗ ಇದನ್ನು ಒಳತರುವ ಅವಸರ ಬೇಡ. ಗೋಡೆ ಬಿಟ್ಟ ನೀರೆಲ್ಲ ಮರದ ಹೊಟ್ಟೆಗೆ. ಗಾರೆ ಆರಲಿ, ಆಮೇಲೆ ತಾನು ಬಾಳಬೇಕಾದ ಮನೆಯ ಗಾಳಿಯಲ್ಲೇ ಬಂದು ಮಲಗಲಿ.

ಬಣ್ಣ ನೋಡುತ್ತ ಕೂರುವುದಾದರೆ ಹಲಸಿನ ಹಲಗೆಯ ಹತ್ತಿರ ಕೂರಬೇಕು. ಹೊಸದಾಗಿ ಕೊಯ್ದ ಹಲಸಿನ ಹಳದಿಗೆ ನಾಚಿಕೆಯೇ ಇಲ್ಲ. ತಿರುಳಿನ ಈ ಬಣ್ಣದಲ್ಲೇ ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಚೀವರ ಅದ್ದಿ ತೆಗೆಯುತ್ತಿದ್ದರು. ಅಂಥ ಹಳದಿ ಬೆಳಕು ಕಾಣುತ್ತ ಕಾಣುತ್ತ ಜೇನುಗಂದಾಗಿ, ಕೊನೆಗೆ ಕಂದಾಗಿ ಮಾಗುತ್ತದೆ. ಅರ್ಧ ಮುಚ್ಚಿಟ್ಟರೆ ಮಾಗುವುದೂ ಅರ್ಧವೇ, ಮುಚ್ಚಿದ ಗೆರೆ ಹಾಗೇ ಉಳಿಯುತ್ತದೆ. ಮುಚ್ಚುವುದಾದರೆ ಪೂರ್ತಿ ಮುಚ್ಚಿ, ಅದೂ ಹಳೇ ಹತ್ತಿಪಂಚೆಯಲ್ಲಿ. ಪ್ಲಾಸ್ಟಿಕ್ಕಿನೊಳಗೆ ಅದು ಬೆವರುತ್ತದೆ.

ಬೆತ್ತಲೆಮರ ಮುಟ್ಟಿದ್ದನ್ನೆಲ್ಲ ನೆನಪಿಡುತ್ತದೆ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಸವರಿದರೆ ಆ ಐದು ಬೆರಳೂ ಪಾಲಿಶಿನಡಿಯಲ್ಲಿ ಮೂಡುತ್ತವೆ. ಒಗರು ಹೆಚ್ಚಿರುವ ಮತ್ತಿಯಂಥ ಮರದ ಮೇಲೆ ಒದ್ದೆ ಮೊಳೆ ಬಿದ್ದಿದ್ದರೆ ಬೆಳಗಾಗುವಷ್ಟರಲ್ಲಿ ಶಾಯಿಗಪ್ಪು ಕಲೆ. ಪೂಜೆಯ ಕುಂಕುಮವೂ ರಂಧ್ರಕ್ಕಿಳಿದರೆ ಹೊರಡುವುದಿಲ್ಲ. ಹಾಗೆಂದು ಮುಟ್ಟದೇ ಇರಲಾದೀತೆ? ಕೈತೊಳೆದು, ಒರೆಸಿಕೊಂಡು, ಎಳೆಯ ಜಾಡಿನಲ್ಲಿ ನಿಧಾನ ಅಂಗೈ ಓಡಿಸಬೇಕು. ಉಪ್ಪುಕಾಗದ ಮರೆತ ಉಬ್ಬನ್ನು ಕಣ್ಣಿಗಿಂತ ಮೊದಲು ಅಂಗೈ ಕಾಣುತ್ತದೆ. ಹಲಗೆ ಸಾಗಿಸುವಾಗ ಇಬ್ಬರು ಹಿಡಿಯಲಿ. ಮೂಲೆ ಒಮ್ಮೆ ಹೊಸ್ತಿಲಿಗೆ ತಾಗಿದರೆ ನುಜ್ಜಾದದ್ದು ನುಜ್ಜೇ.

ಕೊನೆಗೆ ಪಾಲಿಶಿನವರು ಬಂದಾಗ ನಾನು ಕೇಳಿಕೊಳ್ಳುವುದು ಒಂದೇ: ಕಾಣುವ ಮುಖಕ್ಕೆ ಮಾತ್ರ ಬಳಿಯಬೇಡಿ. ಅಡಿಗೂ ಒಂದು ಕೈ, ಎರಡೂ ತುದಿಗೂ ಒಂದು ಕೈ. ಮರ ಹೆಚ್ಚು ನೀರು ಕುಡಿಯುವುದು ತುದಿಯಿಂದಲೇ.