ದಿಲ್ಲಿ ಎಲ್ಲಿಂದ ಆರಂಭವಾಗುತ್ತದೆ?

ಮಂಗಳೂರಿನಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಹೊರಟರೆ ಮೂರನೆಯ ದಿನ ನೀವು ಹಝ್ರತ್ ನಿಝಾಮುದ್ದೀನ್ ನಿಲ್ದಾಣದಲ್ಲಿ ಇಳಿಯುತ್ತೀರಿ. ಮಕ್ಕಳು ಜೊತೆಗಿದ್ದರಂತೂ ಮಥುರಾ ದಾಟಿದ ಮೇಲೆ ಅವರದ್ದು ಒಂದೇ ಪ್ರಶ್ನೆ: ದಿಲ್ಲಿ ಬಂತಾ? ಈ ಪ್ರಶ್ನೆಗೆ ಉತ್ತರ ಹೇಳುವುದು ದೊಡ್ಡವರಿಗೂ ಕಷ್ಟ. ಮಥುರಾ ಬಿಟ್ಟು ಸ್ವಲ್ಪ ಹೊತ್ತಿನಲ್ಲಿ ರೈಲು ಹರಿಯಾಣವನ್ನು ಪ್ರವೇಶಿಸುತ್ತದೆ. ಪಲ್ವಲ್ ಬರುತ್ತದೆ, ಆಮೇಲೆ ಬಲ್ಲಭಗಢ, ಫರಿದಾಬಾದ್. ಗದ್ದೆಗಳು ಕಡಿಮೆಯಾಗಿ ಕಾರ್ಖಾನೆ, ಗೋದಾಮು, ಬಣ್ಣ ಕಾಣದ ಇಟ್ಟಿಗೆಯ ಮನೆಗಳು ಸಾಲುಗಟ್ಟುತ್ತವೆ. ಆ ಸಾಲು ಮತ್ತೆ ಮುರಿಯುವುದೇ ಇಲ್ಲ. ಸರಕಾರದ ನಕ್ಷೆಯ ಪ್ರಕಾರ ತುಘಲಕಾಬಾದ್ ನಿಲ್ದಾಣ ಬಂದಾಗ ಮಾತ್ರ ನೀವು ದಿಲ್ಲಿಯೊಳಗಿದ್ದೀರಿ. ಇನ್ನೊಂದು ಕಾನೂನಿನ ಪ್ರಕಾರ ಪಲ್ವಲ್‌ನಲ್ಲೇ ನೀವು ರಾಜಧಾನಿ ವಲಯದೊಳಗೆ ಬಂದಾಗಿದೆ. ಕಿಟಕಿಯಿಂದ ನೋಡುವವನಿಗೆ ಫರಿದಾಬಾದಿನಿಂದಾಚೆ ಎಲ್ಲವೂ ಒಂದೇ ಊರು.

ಒಂದೇ ದಿಲ್ಲಿಗೆ ಎಷ್ಟು ಗಡಿಗಳಿವೆ, ಆ ಗಡಿಗಳಿಂದ ಯಾರಿಗೆ ಏನಾಗುತ್ತದೆ ಎಂಬುದನ್ನು ಕೆಂಪು ಕೋಟೆ ಮತ್ತು ಜಾಮಿಅ ಮಸೀದಿ ನೋಡಿ ಮರಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಾಗಾಗಿ ಈ ಬಾರಿ ಸ್ಮಾರಕಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಹಳೆಯ ಕಾಲದಲ್ಲಿ ಉತ್ತರ ಸುಲಭವಿತ್ತು, ಗೋಡೆ ಇದ್ದಲ್ಲಿಗೆ ಊರು ಮುಗಿಯುತ್ತಿತ್ತು. ಆದರೆ ದಿಲ್ಲಿಯಲ್ಲಿ ಅದೂ ಅಷ್ಟು ಸುಲಭವಾಗಿರಲಿಲ್ಲ. 1334ರಲ್ಲಿ ಇಲ್ಲಿಗೆ ಬಂದು ಖಾಝಿಯಾಗಿದ್ದ ಇಬ್ನ್ ಬತೂತಾ, ದಿಲ್ಲಿಯೆಂದರೆ ಅಕ್ಕಪಕ್ಕದ ನಾಲ್ಕು ನಗರಗಳು ಎಂದು ತನ್ನ ಪ್ರವಾಸ ಕಥನದಲ್ಲಿ ವಿವರಿಸಿದ್ದಾನೆ: ಹಳೆಯ ದಿಲ್ಲಿ, ಸೀರಿ, ತುಘಲಕಾಬಾದ್ ಮತ್ತು ಜಹಾಂಪನಾಹ್. ಈ ನಾಲ್ಕನ್ನೂ ಒಂದೇ ಗೋಡೆಯೊಳಗೆ ಸೇರಿಸಬೇಕೆಂದು ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಆಸೆಪಟ್ಟಿದ್ದ. ಸ್ವಲ್ಪ ಭಾಗ ಕಟ್ಟಿಸಿದ ಮೇಲೆ ಖರ್ಚು ಕಂಡು ಕೈಬಿಟ್ಟ. ರಾಜಧಾನಿಯೊಂದಿಗೆ ಸುತ್ತಲಿನ ಊರುಗಳನ್ನು ಸೇರಿಸಿ ಒಂದೇ ಘಟಕ ಮಾಡುವ ಪ್ರಯತ್ನ ಆಗಲೇ ಸೋತಿತ್ತು ಎನ್ನಬಹುದು. (ಇದೇ ಇಬ್ನ್ ಬತೂತಾ ದಿಲ್ಲಿ ಬಿಟ್ಟ ಮೇಲೆ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಶಾಲೆಗಳಿದ್ದುದನ್ನೂ, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದುದನ್ನೂ ದಾಖಲಿಸಿದ್ದಾನೆ. ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಈ ಮಾತು ನಮ್ಮ ಮನೆಗಳಲ್ಲಿ ನೆನಪಿರಬೇಕಾದದ್ದು.)

ಈಗಿನ ದಿಲ್ಲಿಗೆ ಬರೋಣ. ದಿಲ್ಲಿ 1956ರಿಂದ ಕೇಂದ್ರಾಡಳಿತ ಪ್ರದೇಶ. 1991ರ ಸಂವಿಧಾನ ತಿದ್ದುಪಡಿಯಿಂದ ಅದಕ್ಕೆ ರಾಷ್ಟ್ರ ರಾಜಧಾನಿ ಪ್ರದೇಶ ಎಂಬ ಹೆಸರು, ಒಂದು ವಿಧಾನಸಭೆ, ಒಬ್ಬ ಮುಖ್ಯಮಂತ್ರಿ ಬಂದರು. ವಿಸ್ತೀರ್ಣ 1,483 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಚಿಕ್ಕದು! 2011ರ ಜನಗಣತಿಯಲ್ಲಿ ಇಷ್ಟರೊಳಗೆ ಸುಮಾರು 1 ಕೋಟಿ 68 ಲಕ್ಷ ಜನರಿದ್ದರು.

ಇಷ್ಟು ಜಾಗಕ್ಕೂ ಒಬ್ಬನೇ ಯಜಮಾನನಿಲ್ಲ. ಪೊಲೀಸ್ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಭೂಮಿಯ ವಿಚಾರ 1957ರಲ್ಲಿ ಹುಟ್ಟಿದ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ್ದು, ಅದೂ ಕೇಂದ್ರದ ಅಧೀನ. ಆಸ್ಪತ್ರೆ, ನೀರು, ಬಸ್ಸು ದಿಲ್ಲಿ ಸರಕಾರದ್ದು. ಕಸ ಎತ್ತುವುದು ನಗರಪಾಲಿಕೆಯ ಕೆಲಸ. ಆ ಪಾಲಿಕೆಯನ್ನು 2012ರಲ್ಲಿ ಮೂರು ಹೋಳು ಮಾಡಿದರು, 2022ರಲ್ಲಿ ಮತ್ತೆ ಒಂದು ಮಾಡಿದರು. ಸಂಸತ್ ಭವನ, ರಾಷ್ಟ್ರಪತಿ ಭವನ ಇರುವ ಸುಮಾರು 43 ಚದರ ಕಿಲೋಮೀಟರ್ ಮಾತ್ರ ಪಾಲಿಕೆಗೆ ಸೇರಿಲ್ಲ. ಅದಕ್ಕೆ ಬೇರೆಯೇ ನಗರಸಭೆ, ಅದರ ಅಧ್ಯಕ್ಷರನ್ನು ಕೇಂದ್ರವೇ ನೇಮಿಸುತ್ತದೆ. ಜನರು ಓಟು ಹಾಕಿ ಆರಿಸುವ ಕಾರ್ಪೊರೇಟರುಗಳು ಅಲ್ಲಿಲ್ಲ. ಸೈನ್ಯದ ದಂಡು ಪ್ರದೇಶಕ್ಕೆ ಮತ್ತೊಂದು ಮಂಡಳಿ. ಶಿಕ್ಷಕ ವೃತ್ತಿಯಲ್ಲಿರುವ ನನಗೆ ಇದರಲ್ಲಿ ವಿಚಿತ್ರವೆನಿಸಿದ್ದು ಶಾಲೆಯ ವಿಷಯ. ಬಡವರ ಮಗು ಸಾಮಾನ್ಯವಾಗಿ ಐದನೆಯ ತರಗತಿಯ ತನಕ ಪಾಲಿಕೆಯ ಶಾಲೆಯಲ್ಲಿ ಕಲಿಯುತ್ತದೆ. ಆರನೆಯ ತರಗತಿಗೆ ಬಂದಾಗ ಅದರ ಸರಕಾರವೇ ಬದಲಾಗುತ್ತದೆ! ಮಗು ಎಲ್ಲಿ ಹಿಂದೆ ಬಿತ್ತು ಎಂದು ಕೇಳಿದರೆ ಇಬ್ಬರೂ ಪರಸ್ಪರ ಬೆರಳು ತೋರಿಸಬಹುದು.

ಇದಿಷ್ಟು ಗಡಿಯೊಳಗಿನ ಕಥೆ. ಗಡಿಯಾಚೆ 1985ರ ಕಾನೂನಿನಿಂದ ಹುಟ್ಟಿದ ರಾಷ್ಟ್ರ ರಾಜಧಾನಿ ವಲಯವಿದೆ. ಪತ್ರಿಕೆಗಳಲ್ಲಿ ಎನ್‌ಸಿಆರ್ ಎಂದು ಓದುತ್ತೀರಲ್ಲ, ಅದು. ದಿಲ್ಲಿಗೆ ಬರುವ ಜನಪ್ರವಾಹವನ್ನು ಸುತ್ತಲಿನ ಊರುಗಳಲ್ಲೇ ತಡೆದು, ಅಲ್ಲೇ ಉದ್ಯೋಗ, ಮನೆ ಒದಗಿಸಬೇಕೆಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ವಲಯಕ್ಕೆ ಸೇರಿದರೆ ಅನುದಾನ, ರಸ್ತೆ, ಭೂಮಿಗೆ ಬೆಲೆ ಬರುತ್ತದೆಂದು ಜಿಲ್ಲೆಗಳು ಒಂದೊಂದಾಗಿ ಸೇರುತ್ತಾ ಹೋದವು. ಈಗ ಹರಿಯಾಣದ 14, ಉತ್ತರ ಪ್ರದೇಶದ 8, ರಾಜಸ್ಥಾನದ 2 ಜಿಲ್ಲೆಗಳು ಅದರಲ್ಲಿವೆ. ಒಟ್ಟು ವಿಸ್ತೀರ್ಣ 55 ಸಾವಿರ ಚದರ ಕಿಲೋಮೀಟರ್. ಇಡೀ ಕೇರಳಕ್ಕಿಂತ ದೊಡ್ಡದು, ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು. ಮುಝಫ್ಫರ್‌ನಗರದ ಕಬ್ಬಿನ ಗದ್ದೆ, ಭರತ್‌ಪುರದ ಹಕ್ಕಿಗಳ ಕೆರೆ ಎಲ್ಲವೂ ರಾಜಧಾನಿ ವಲಯವೇ. ನಮ್ಮ ಕಡೆಯಿಂದ ದೇವಬಂದ್‌ಗೆ ಓದಲು ಹೋಗುವ ಹುಡುಗರು ಆ ಕಬ್ಬಿನ ಗದ್ದೆಗಳನ್ನು ದಾಟಿದ ಮೇಲೆಯೇ ವಲಯದಿಂದ ಹೊರಬರುವುದು.

ಜನಗಣತಿಯವರ ದಿಲ್ಲಿ ಇನ್ನೂ ಬೇರೆ. 2011ರ ಎಣಿಕೆಯಲ್ಲಿ ಗಾಜಿಯಾಬಾದ್, ನೋಯ್ಡಾ, ಗುಡ್‌ಗಾಂವ್, ಫರಿದಾಬಾದ್ ಯಾವುದೂ ದಿಲ್ಲಿಯ ನಗರ ಸಮೂಹಕ್ಕೆ ಸೇರಿಲ್ಲ, ಏಕೆಂದರೆ ಅವು ಬೇರೆ ರಾಜ್ಯದಲ್ಲಿವೆ. ವಿಶ್ವಸಂಸ್ಥೆಯವರು ರಾಜ್ಯದ ಗಡಿ ನೋಡದೆ ಸೇರಿಸಿ ಎಣಿಸುತ್ತಾರೆ. ಅವರ ಪಟ್ಟಿಯೂ ಸ್ಥಿರವಲ್ಲ. 2018ರಲ್ಲಿ ಟೋಕಿಯೋ ಮೊದಲು, ದಿಲ್ಲಿ ಎರಡನೆಯದು. 2025ರಲ್ಲಿ ಎಣಿಸುವ ಕ್ರಮವನ್ನೇ ಬದಲಿಸಿದಾಗ ಎಷ್ಟೋ ಕೆಳಗಿದ್ದ ಜಕಾರ್ತಾ ಒಮ್ಮೆಲೇ ಜಗತ್ತಿನ ಅತಿ ದೊಡ್ಡ ನಗರವಾಯಿತು, ದಿಲ್ಲಿ ನಾಲ್ಕಕ್ಕಿಳಿಯಿತು. ಜಕಾರ್ತಾದ ಜನರೇನೂ ರಾತ್ರೋರಾತ್ರಿ ಹೆಚ್ಚಾಗಿರಲಿಲ್ಲ.

ಸಹೋದರಿಯರೇ, ಎಲ್ಲಿ ಗೆರೆ ಎಳೆದರೆ ನಮಗೇನು ಎಂದು ನಿಮಗೆ ಅನಿಸಬಹುದು. ದಿಲ್ಲಿಯ ಪೂರ್ವ ಅಂಚಿನ ದಿಲ್ಶಾದ್ ಗಾರ್ಡನ್‌ಗೆ ಬನ್ನಿ. ಅಲ್ಲಿ ದಿಲ್ಲಿ ಸರಕಾರದ ಗುರು ತೇಗ್ ಬಹಾದೂರ್ ಆಸ್ಪತ್ರೆ ಇದೆ. ಉತ್ತರ ಪ್ರದೇಶದ ಗಡಿ ಹತ್ತಿರವೇ. ಗಾಜಿಯಾಬಾದ್ ಜಿಲ್ಲೆಯ ಲೋನಿಯ ಮತ್ತು ಸುತ್ತಲಿನ ಬಡಾವಣೆಗಳ ಬಡವರಿಗೆ ಹತ್ತಿರದ ದೊಡ್ಡಾಸ್ಪತ್ರೆಗಳಲ್ಲಿ ಅದೊಂದು. 2018ರ ಅಕ್ಟೋಬರ್‌ನಲ್ಲಿ ಆ ಆಸ್ಪತ್ರೆಯಲ್ಲಿ ಹೊಸ ನಿಯಮ ತಂದರು. ನೂರರಲ್ಲಿ ಎಂಬತ್ತು ಹಾಸಿಗೆ ದಿಲ್ಲಿಯ ನಿವಾಸಿಗಳಿಗೆ, ದಿಲ್ಲಿಯ ವಿಳಾಸದ ದಾಖಲೆ ತೋರಿಸಬೇಕು. ಗೆರೆಯ ಆಚೆ ಬಾಡಿಗೆ ಕಡಿಮೆಯೆಂದು ಅಲ್ಲಿ ಮನೆ ಹಿಡಿದು, ಹಗಲಿಡೀ ದಿಲ್ಲಿಯಲ್ಲಿ ದುಡಿಯುವ ಹೆಣ್ಣಿಗೆ ಕಾಯಿಲೆ ಬಂದರೆ ಅವಳು ಹೊರಗಿನವಳು! ಸರಕಾರದ ದೂರಿನಲ್ಲಿ ಅರ್ಥವಿರಲಿಲ್ಲವೆಂದಲ್ಲ. ದಿಲ್ಲಿಯ ತೆರಿಗೆಯಿಂದ ನಡೆಯುವ ಆಸ್ಪತ್ರೆಗೆ ಮೂರು ರಾಜ್ಯಗಳ ರೋಗಿಗಳು ಬಂದರೆ ಹಾಸಿಗೆ ಸಾಲದು ನಿಜ. ಆದರೆ ದಿಲ್ಲಿ ಹೈಕೋರ್ಟು ಆ ತಿಂಗಳೇ ನಿಯಮವನ್ನು ರದ್ದುಪಡಿಸಿತು.

ಅದೇ ಮಾತು 2020ರ ಕೊರೋನಾ ಕಾಲದಲ್ಲಿ ಮತ್ತೆ ಎದ್ದಿತು. ಮೊದಲು ಹರಿಯಾಣ ಮತ್ತು ಉತ್ತರ ಪ್ರದೇಶದ ಜಿಲ್ಲೆಗಳು ದಿಲ್ಲಿಯವರಿಗೆ ಗಡಿ ಮುಚ್ಚಿದವು. ಜೂನ್ 1ರಂದು ದಿಲ್ಲಿಯೂ ಒಂದು ವಾರ ಮುಚ್ಚಿತು. ಗುರುಗ್ರಾಮದಲ್ಲಿ ಮನೆ, ದಿಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಅಂಥವರು ಏನು ಮಾಡಬೇಕು? ಇಡೀ ವಲಯಕ್ಕೆ ಒಂದೇ ಪಾಸ್ ಮಾಡಿ ಎಂದು ಸುಪ್ರೀಂ ಕೋರ್ಟು ಜೂನ್ 4ರಂದು ಹೇಳಬೇಕಾಯಿತು. ಜೂನ್ 7ರಂದು ದಿಲ್ಲಿ ಸರಕಾರ ತನ್ನ ಆಸ್ಪತ್ರೆಗಳನ್ನು ದಿಲ್ಲಿಯವರಿಗೇ ಮೀಸಲಿಟ್ಟಿತು, ಮರುದಿನವೇ ಉಪರಾಜ್ಯಪಾಲರು ಅದನ್ನು ತಳ್ಳಿಹಾಕಿದರು.

ಪಡೆದುಕೊಳ್ಳುವ ವಿಷಯದಲ್ಲಿ ಮಾತ್ರ ದಿಲ್ಲಿಗೆ ಈ ಗೆರೆ ಕಾಣುವುದಿಲ್ಲ. ಹರಿಯಾಣದ ಮುನಕ್ ಕಾಲುವೆಯಿಂದ ಯಮುನೆಯ ನೀರು ಬರುತ್ತದೆ. ಉತ್ತರ ಪ್ರದೇಶದಿಂದ ಗಂಗೆಯ ನೀರು ಸೋನಿಯಾ ವಿಹಾರಕ್ಕೆ ಬರುತ್ತದೆ. ದಿಲ್ಲಿಯ ಕಸ ಗಡಿಯಂಚಿನ ಘಾಝೀಪುರದಲ್ಲಿ ಬೆಟ್ಟವಾಗಿದೆ, ಅದರ ವಾಸನೆ ಗಾಜಿಯಾಬಾದಿನವರ ಪಾಲಿಗೂ ಇದೆ. ಚಳಿಗಾಲದ ಹೊಗೆಯಂತೂ ಯಾವ ದಾಖಲೆಯನ್ನೂ ಕೇಳುವುದಿಲ್ಲ. ಅದಕ್ಕಾಗಿ 2021ರಲ್ಲಿ ಇಡೀ ವಲಯಕ್ಕೆ ಒಂದೇ ಗಾಳಿ ಗುಣಮಟ್ಟ ಆಯೋಗದ ಕಾನೂನು ಬಂತು. ಗಾಳಿಗೆ ಸಾಧ್ಯವಾದದ್ದು ಹಾಸಿಗೆಗೆ ಏಕೆ ಸಾಧ್ಯವಾಗಲಿಲ್ಲ?

ಮದ್ರಸದಲ್ಲಿ ಫಿಕ್‌ಹ್ ಕಲಿತವರಿಗೆ ಈ ಪ್ರಶ್ನೆ ಹೊಸತೇನಲ್ಲ. ಪ್ರಯಾಣಿಕ ಎಲ್ಲಿಂದ ನಮಾಝನ್ನು ಕಸ್ರ್ ಮಾಡಬಹುದು ಎಂಬ ಅಧ್ಯಾಯದಲ್ಲಿ ಊರಿನ ಗಡಿ ಯಾವುದು ಎಂಬ ಚರ್ಚೆ ಬರುತ್ತದೆ. ಗೋಡೆಯಿದ್ದರೆ ಗೋಡೆ ದಾಟಬೇಕು. ಇಲ್ಲದಿದ್ದರೆ ಮನೆಗಳ ಸಾಲು ಮುಗಿಯಬೇಕು. ಒಂದಕ್ಕೊಂದು ಅಂಟಿಕೊಂಡ ಎರಡು ಹಳ್ಳಿಗಳಿಗೆ ಒಂದೇ ಹಳ್ಳಿಯ ವಿಧಿ ಎಂದು ಶಾಫಿಈ ವಿದ್ವಾಂಸರು ಹೇಳಿದ್ದಾರೆ, ಹೆಸರು ಎರಡಿದ್ದರೂ ಸರಿ. ಹನಫೀ ಗ್ರಂಥಗಳಲ್ಲಿ ‘ಫಿನಾಉಲ್ ಮಿಸ್ರ್’ ಎಂಬ ಮಾತಿದೆ, ಊರಿನ ಅಂಗಳ ಎನ್ನಬಹುದು. ಊರವರು ಮಯ್ಯಿತ್ ದಫನ ಮಾಡುವ, ಕುದುರೆ ಓಡಿಸುವ, ಮಣ್ಣು ಸುರಿಯುವ ಜಾಗ. ಊರಿನ ಅಗತ್ಯ ಪೂರೈಸುವ ಆ ಜಾಗವನ್ನು ಜುಮುಅ ನಮಾಝಿನ ವಿಷಯದಲ್ಲಿ ಊರಿನ ಭಾಗವೆಂದೇ ಅವರು ಎಣಿಸಿದರು. ಆ ಲೆಕ್ಕದಲ್ಲಿ ನೋಡಿದರೆ ದಿಲ್ಲಿಗೆ ನೀರು ಕೊಟ್ಟು ಕಸದ ವಾಸನೆ ಸಹಿಸುವ ನೆರೆಯೂರುಗಳು ಏನಾಗುತ್ತವೆ, ನೀವೇ ಯೋಚಿಸಿ. ಖಾಝಿ ಇಬ್ನ್ ಬತೂತಾನಿಗೆ ಇದು ಕ್ಷಣದಲ್ಲಿ ಅರ್ಥವಾಗುತ್ತಿತ್ತು.

ಗೆರೆ ಅಳಿಸಿದ ಉದಾಹರಣೆಯೂ ದಿಲ್ಲಿಯಲ್ಲೇ ಇದೆ. 2002ರ ಡಿಸೆಂಬರ್‌ನಲ್ಲಿ ಆರಂಭವಾದ ಮೆಟ್ರೋ 2009ರಲ್ಲಿ ನೋಯ್ಡಾಕ್ಕೆ, 2010ರಲ್ಲಿ ಗುಡ್‌ಗಾಂವ್‌ಗೆ, 2015ರಲ್ಲಿ ಫರಿದಾಬಾದ್‌ಗೆ ತಲುಪಿತು. 2010ರ ಅಕ್ಟೋಬರ್‌ನಿಂದ ಅದರ ಮೊದಲ ಬೋಗಿ ಹೆಂಗಸರಿಗೆ ಮೀಸಲು. ನೀವು ಅದರಲ್ಲಿ ಕುಳಿತು ಗಮನಿಸಿ. ಕೈಯಲ್ಲಿ ಪುಸ್ತಕ ಹಿಡಿದ ಬುರ್ಖಾದ ವಿದ್ಯಾರ್ಥಿನಿ, ಊಟದ ಡಬ್ಬಿ ಹಿಡಿದ ಹೆಂಗಸು, ಕಚೇರಿಗೆ ಹೋಗುವವರು; ಯಾರಿಗೂ ರಾಜ್ಯ ಬದಲಾದದ್ದು ಗೊತ್ತಾಗುವುದಿಲ್ಲ. ಮೀರತ್ ಕಡೆಗೆ ನಮೋ ಭಾರತ್ ಎಂಬ ವೇಗದ ರೈಲಿನ ಮೊದಲ ಭಾಗ 2023ರಲ್ಲಿ ಶುರುವಾಯಿತು. ಬಸ್ಸಿನದ್ದು ಮಾತ್ರ ಹಳೆಯ ಕಥೆ. 2019ರಿಂದ ದಿಲ್ಲಿ ಸರಕಾರದ ಬಸ್ಸುಗಳಲ್ಲಿ ಹೆಂಗಸರು ಗುಲಾಬಿ ಟಿಕೆಟ್ ಪಡೆದು ಉಚಿತವಾಗಿ ಹೋಗುತ್ತಿದ್ದರು, ಯಾವ ಊರೆಂದು ಯಾರೂ ಕೇಳುತ್ತಿರಲಿಲ್ಲ. ದಿಲ್ಲಿಯ ನಿವಾಸಿಗಳಿಗೆ ಮಾತ್ರ ಸಿಗುವ ಕಾರ್ಡ್ ತರುವುದಾಗಿ 2025ರಲ್ಲಿ ಪ್ರಕಟಿಸಿದರು. ದೂರುವ ಮೊದಲು ನಮ್ಮದನ್ನೂ ನೋಡಿಕೊಳ್ಳಬೇಕು. 2023ರಲ್ಲಿ ಬಂದ ನಮ್ಮ ಶಕ್ತಿ ಯೋಜನೆಯೂ ಕರ್ನಾಟಕದ ವಿಳಾಸವಿದ್ದವರಿಗೇ. ಹೊಸೂರಿನಿಂದ ಬೆಂಗಳೂರಿಗೆ ದುಡಿಯಲು ಬರುವ ಹೆಂಗಸು ದುಡ್ಡು ಕೊಟ್ಟೇ ಟಿಕೆಟ್ ತೆಗೆಯಬೇಕು.

ದಿಲ್ಲಿಯಲ್ಲಿ ನಿಮಗೆ ಒಂದು ದಿನ ಹೆಚ್ಚು ಸಿಕ್ಕಿದರೆ ಗುರುಗ್ರಾಮದ ಮಾರ್ಗವಾಗಿ ನೂಹ್‌ಗೆ ಹೋಗಿ. ಮೌಲಾನಾ ಇಲ್ಯಾಸ್‌ರು ಯಾರ ದೀನಿ ಶಿಕ್ಷಣಕ್ಕಾಗಿ ನಿಝಾಮುದ್ದೀನ್‌ನ ಬಂಗ್ಲೆವಾಲಿ ಮಸೀದಿಯಿಂದ ಕೆಲಸ ಆರಂಭಿಸಿದರೋ ಆ ಮೇವಾತಿಗಳ ನಾಡು ಅದು. ಗುರುಗ್ರಾಮದ ಗಾಜಿನ ಕಟ್ಟಡಗಳು ಮುಗಿದು, ಸೋಹ್ನಾ ದಾಟಿ, ಅರಾವಳಿಯ ಬೋಳು ಗುಡ್ಡಗಳ ಬದಿಯಲ್ಲಿ ರಸ್ತೆ ಸಾಗುತ್ತದೆ. ನೂಹ್ ಕೂಡಾ ಕಾನೂನಿನ ಪ್ರಕಾರ ರಾಜಧಾನಿ ವಲಯವೇ. 2005ರ ತನಕ ಅದರ ಹೆಚ್ಚಿನ ಭಾಗ ಗುಡ್‌ಗಾಂವ್ ಜಿಲ್ಲೆಯಲ್ಲೇ ಇತ್ತು, ಆಮೇಲೆ ಮೇವಾತ್ ಎಂಬ ಬೇರೆ ಜಿಲ್ಲೆ ಮಾಡಿದರು. 2011ರ ಜನಗಣತಿಯಲ್ಲಿ ಗುಡ್‌ಗಾಂವ್‌ನ ನೂರು ಹೆಂಗಸರಲ್ಲಿ 78 ಮಂದಿಗೆ ಓದು ಬರೆಹ ಬರುತ್ತಿತ್ತು, ಮೇವಾತ್‌ನಲ್ಲಿ 37 ಮಂದಿಗೆ. 2018ರಲ್ಲಿ ನೀತಿ ಆಯೋಗ ದೇಶದ ಹಿಂದುಳಿದ ಜಿಲ್ಲೆಗಳ ಪಟ್ಟಿ ಮಾಡಿದಾಗ ಕೊನೆಯ ಸ್ಥಾನ ಮೇವಾತ್‌ಗೆ ಸಿಕ್ಕಿತು. ಎರಡೂ ಅಕ್ಕಪಕ್ಕದ ಜಿಲ್ಲೆಗಳು, ಎರಡೂ ಒಂದೇ ಯೋಜನಾ ಮಂಡಳಿಯ ನಕ್ಷೆಯಲ್ಲಿ ಒಂದೇ ಗೆರೆಯೊಳಗಿವೆ. ಗುರುಗ್ರಾಮದಿಂದ ಅಲ್ಲಿಗೆ ಬಸ್ಸು ಸಿಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಸಂಜೆಯೊಳಗೆ ಮರಳಬಹುದು.