ಕೊನೆ ತಿಳಿದ ಕಥೆಯ ಆರಂಭ: 'ಕ್ಯಾಪ್ರಿಕಾ' ನೋಡಬೇಕೇ?

ನನ್ನ ಅಣ್ಣ ತೀರಿಕೊಂಡು ಎರಡು ವರ್ಷಗಳಾದವು. ಅವರ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕ್ಷೇತ್ರದಲ್ಲಿ ದುಡಿಯುತ್ತಾಳೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಫೋನ್ ಮಾಡಿ, ತಂದೆಯ ಧ್ವನಿ ಇರುವ ವಿಡಿಯೋಗಳನ್ನೂ ಮೊಬೈಲಿನ ಸಂದೇಶಗಳನ್ನೂ ಒಟ್ಟುಗೂಡಿಸುತ್ತಿರುವುದಾಗಿ ತಿಳಿಸಿದಳು. ಅವುಗಳ ಆಧಾರದಿಂದ, ಕೇಳಿದ್ದಕ್ಕೆ ತಂದೆಯಂತೆಯೇ ಉತ್ತರ ಕೊಡುವ ಒಂದು ತಂತ್ರಾಂಶವನ್ನು ಸಿದ್ಧಪಡಿಸಬೇಕೆಂಬುದು ಅವಳ ಆಲೋಚನೆ. ಅಣ್ಣ ನನಗೆ ಬರೆದ ಪತ್ರಗಳು ನನ್ನ ಬಳಿ ಇವೆ. ಹೆಚ್ಚಿನವು ಇನ್‌ಲ್ಯಾಂಡ್ ಪತ್ರಗಳು, ಒಟ್ಟು 143. ಅವೂ ಬೇಕೆಂದಳು. ನಾನು ಕೂಡಲೇ ಉತ್ತರಿಸಲಿಲ್ಲ. ಆಗ ಅವಳೇ ಮಾತು ಬದಲಿಸಿದಳು: 'ಇದಕ್ಕೆ ಕೈಹಾಕೋ ಮೊದಲು ಕ್ಯಾಪ್ರಿಕಾ ಅನ್ನೋ ಸೀರಿಯಲ್ ನೋಡು ಅಂತ ಆಫೀಸಲ್ಲಿ ಒಬ್ಬರು ಹೇಳಿದ್ರು ಚಿಕ್ಕಪ್ಪ. ಹದಿನೆಂಟು ಕಂತು ಇದೆಯಂತೆ. ನನಗೆಲ್ಲಿ ಪುರುಸೊತ್ತು? ನೀವು ನೋಡಿ. ನೋಡೋ ಹಾಗಿದ್ರೆ ಹೇಳಿ.'

ನಿವೃತ್ತರಾದವರ ಪಾಲಿಗೆ ಇಂಥ ಕೆಲಸಗಳು ಬರುತ್ತಲೇ ಇರುತ್ತವೆ. ಈ ಲೇಖನ ಅವಳ ಪ್ರಶ್ನೆಗೆ ಉತ್ತರ. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಈ ಉತ್ತರವನ್ನು ಬರೆಯಲು ಸಾಧ್ಯವಾಗಲಿಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

'ಕ್ಯಾಪ್ರಿಕಾ' 2010ರ ಜನವರಿಯಲ್ಲಿ ಅಮೆರಿಕದ ಸೈಫೈ ವಾಹಿನಿಯಲ್ಲಿ ಆರಂಭವಾದ ಧಾರಾವಾಹಿ. ರೆಮಿ ಓಬುಶಾನ್ ಮತ್ತು ರೊನಾಲ್ಡ್ ಡಿ. ಮೂರ್ ಇದರ ಕರ್ತೃಗಳು. ಇದು ಸ್ವತಂತ್ರ ಕಥೆಯಲ್ಲ. ಮೂರ್ ಅವರೇ ಹೊಸದಾಗಿ ರೂಪಿಸಿದ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಎಂಬ ಧಾರಾವಾಹಿಯ ಪೂರ್ವಕಥೆ, ಇಂದಿನ ಮಾತಿನಲ್ಲಿ ಪ್ರೀಕ್ವೆಲ್. ಆದುದರಿಂದ 2003ರ ಕಿರುಧಾರಾವಾಹಿಯಿಂದ ಮೊದಲುಗೊಂಡು 2009ರಲ್ಲಿ ಮುಗಿದ ಆ ಮೂಲಕಥೆಯನ್ನು ನಾನು ಮೊದಲು ನೋಡಬೇಕಾಯಿತು. ಅದರ ತಿರುಳು ಇಷ್ಟು: ಹನ್ನೆರಡು ಗ್ರಹಗಳಲ್ಲಿ ನೆಲೆಸಿದ ಮಾನವಕುಲವನ್ನು, ಮನುಷ್ಯರೇ ನಿರ್ಮಿಸಿದ ಸೈಲಾನ್ ಎಂಬ ಯಂತ್ರಗಳು ಒಂದೇ ದಾಳಿಯಲ್ಲಿ ನಾಶಮಾಡುತ್ತವೆ. ಬದುಕುಳಿದ ಸುಮಾರು 50 ಸಾವಿರ ಜನ ವಿಲಿಯಂ ಆಡಾಮಾ ಎಂಬ ಸೇನಾನಿಯ ರಕ್ಷಣೆಯಲ್ಲಿ ಹಡಗುಗಳನ್ನೇರಿ ಆಕಾಶದಲ್ಲಿ ಅಲೆಯುತ್ತಾರೆ. ಆ ಹನ್ನೆರಡು ಗ್ರಹಗಳಿಗೆ ದ್ವಾದಶ ರಾಶಿಗಳ ಹೆಸರುಗಳನ್ನೇ ತಿದ್ದಿ ಇಡಲಾಗಿದೆ. ಕ್ಯಾಪ್ರಿಕಾ ಎಂದರೆ ಮಕರ, ಟಾರಾನ್ ಎಂದರೆ ವೃಷಭ. ನಾಶಕ್ಕೆ 58 ವರ್ಷಗಳ ಹಿಂದೆ, ಮೊದಲ ಸೈಲಾನ್ ಹೇಗೆ ಹುಟ್ಟಿತು ಎಂಬುದೇ 'ಕ್ಯಾಪ್ರಿಕಾ'ದ ವಸ್ತು.

ಪೂರ್ವಕಥೆಗೆ ಹುಟ್ಟಿನಿಂದಲೇ ಒಂದು ತೊಡಕು ಅಂಟಿಕೊಂಡಿರುತ್ತದೆ. ಕೊನೆ ಎಲ್ಲರಿಗೂ ಗೊತ್ತು. ಈ ನಗರ ಉರಿಯುತ್ತದೆ, ಈ ಮಗು ಬೆಳೆದು ಸೇನಾನಿಯಾಗುತ್ತದೆ ಎಂಬ ಅರಿವಿನಿಂದಲೇ ಪ್ರೇಕ್ಷಕ ಕುಳಿತಿರುತ್ತಾನೆ. ಕೊನೆ ಗೊತ್ತಿರುವುದು ದೋಷವೆಂದು ನಾನು ಹೇಳುತ್ತಿಲ್ಲ. ಭಾರತದ ಕಥೆಯನ್ನು ಮತ್ತೆ ಮತ್ತೆ ಕೇಳಿದವರು ನಾವು, ಕರ್ಣನ ಸಾವು ಯಾವ ಓದುಗನಿಗೂ ಹೊಸ ಸುದ್ದಿಯಲ್ಲ. ಈಚಿನ 'ಆಂಡೋರ್' ಎಂಬ ಧಾರಾವಾಹಿಯ ನಾಯಕ ಸಾಯುವುದನ್ನು ಪ್ರೇಕ್ಷಕರು 2016ರ ಚಲನಚಿತ್ರದಲ್ಲಿಯೇ ಕಂಡಿದ್ದರು. ಅದರಿಂದ ಅದರ 24 ಕಂತುಗಳಿಗೆ ಯಾವ ಕುಂದೂ ಬರಲಿಲ್ಲ. ತೊಡಕು ಇರುವುದು ಬೇರೆ ಕಡೆ. ಪಾತ್ರಗಳಿಗೂ ಕೊನೆ ಗೊತ್ತಿದೆಯೇನೋ ಎಂಬಂತೆ ಕಥೆಗಾರ ಅವರನ್ನು ನಡೆಸತೊಡಗಿದರೆ ಪೂರ್ವಕಥೆ ಸತ್ತುಹೋಗುತ್ತದೆ.

ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಸಂಗತಿಯಲ್ಲ. 'ಪಂಪಪೂರ್ವ ಯುಗ' ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! 9ನೆಯ ಶತಮಾನದ 'ಕವಿರಾಜಮಾರ್ಗ' ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕೃತಿಗಳು ನಮಗೆ ಉಳಿದುಬಂದಿಲ್ಲ. ತಾವು ಪಂಪನಿಗಿಂತ ಹಿಂದಿನವರೆಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತಮ್ಮ ಕಾಲವನ್ನು ಅವರು ಯಾವುದಕ್ಕೋ ಪೀಠಿಕೆಯೆಂದು ತಿಳಿದು ಬದುಕಲಿಲ್ಲ. 941ರಲ್ಲಿ ಕಾವ್ಯ ಬರೆದ ಒಬ್ಬ ಕವಿಯ ಹೆಸರನ್ನು ಅವರ ಶತಮಾನಗಳ ಮೇಲೆ ಅಂಟಿಸಿದವರು ನಾವು. ತರಗತಿಯಲ್ಲಿ ಮೂವತ್ತು ವರ್ಷ ನಾನೂ ಅದನ್ನೇ ಮಾಡಿದ್ದೇನೆ. ಹೀಗಾಗಿ 'ಕ್ಯಾಪ್ರಿಕಾ'ವನ್ನು ನೋಡುವಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇಲ್ಲಿನ ಜನರಿಗೆ ತಮ್ಮದೇ ಆದ ಕಾಲವಿದೆಯೇ, ಅಥವಾ ಅವರು ಬರಲಿರುವ ಸೈಲಾನ್‌ಗಳಿಗಾಗಿ ಮಾತ್ರ ಬದುಕಿದ್ದಾರೆಯೇ?

ಮೊದಲ ಕಂತಿನಲ್ಲಿ ಒಂದು ರೈಲಿನಲ್ಲಿ ಬಾಂಬ್ ಸ್ಫೋಟವಾಗುತ್ತದೆ. ಡ್ಯಾನಿಯಲ್ ಗ್ರೇಸ್ಟೋನ್ ಎಂಬ ಶ್ರೀಮಂತ ಉದ್ಯಮಿಯ ಮಗಳು ಜೋಯಿ ಅದರಲ್ಲಿ ಸಾಯುತ್ತಾಳೆ. ಟಾರಾನ್‌ನಿಂದ ವಲಸೆ ಬಂದ ಜೋಸೆಫ್ ಎಂಬ ವಕೀಲನ ಹೆಂಡತಿ ಮತ್ತು ಮಗಳು ಟಮಾರಾ ಕೂಡ ಅದೇ ರೈಲಿನಲ್ಲಿದ್ದವರು. ಜೋಯಿ ಬದುಕಿದ್ದಾಗಲೇ, ಕಂಪ್ಯೂಟರಿನ ಕಲ್ಪಿತ ಲೋಕದಲ್ಲಿ ತನ್ನದೇ ಒಂದು ಪ್ರತಿರೂಪವನ್ನು ತಯಾರಿಸಿಟ್ಟಿದ್ದಳು. ಮಗಳು ಸತ್ತ ಮೇಲೆ ತಂದೆ ಅದನ್ನು ಕಂಡುಕೊಳ್ಳುತ್ತಾನೆ. ವೈದ್ಯಕೀಯ ದಾಖಲೆ, ಶಾಲೆಯ ದಾಖಲೆ, ಕೊಂಡ ವಸ್ತುಗಳ ಲೆಕ್ಕ, ಆಡಿದ ಮಾತಿನ ಮುದ್ರಿಕೆಗಳು ಹೀಗೆ ಒಬ್ಬ ವ್ಯಕ್ತಿ ಬದುಕಿನಲ್ಲಿ ಬಿಟ್ಟುಹೋಗುವ ಗುರುತುಗಳನ್ನೆಲ್ಲ ಕೂಡಿಸಿದರೆ ಆ ವ್ಯಕ್ತಿಯೇ ಮರಳಿ ದೊರೆಯುತ್ತಾನೆ ಎಂಬುದು ಆ ಪ್ರತಿರೂಪ ಕೊಡುವ ವಿವರಣೆ.

ಇಲ್ಲಿ ನಾನು ಚಿತ್ರವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಕಸುಬು ಇದೇ ಅಲ್ಲವೇ? ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಯಾವ ಪುಟವನ್ನಾದರೂ ತೆಗೆದು ನೋಡಿ. ಆಶ್ವಾಸಾಂತ್ಯದ ಗದ್ಯ, ಒಂದು ಶಾಸನದ ಸಾಲು, ಮತ್ತೊಬ್ಬ ಕವಿ ಮಾಡಿದ ಸ್ತುತಿ, ಇಂಥ ಚೂರುಗಳಿಂದ ಒಬ್ಬ ಮನುಷ್ಯನನ್ನು ಕಟ್ಟಿ ನಿಲ್ಲಿಸುತ್ತೇವೆ. ಹಾಗೆ ನಿಂತವನು ಕವಿಯೋ, ನಮ್ಮ ಚೂರುಗಳ ಮೊತ್ತವೋ ಎಂಬ ಪ್ರಶ್ನೆಯನ್ನು ಪೀಠಿಕೆಯ ಕೊನೆಯಲ್ಲಿ ವಿನಯದಿಂದ ಎತ್ತಿ, ಅಲ್ಲಿಯೇ ಬಿಟ್ಟುಬಿಡುತ್ತೇವೆ.

'ಕ್ಯಾಪ್ರಿಕಾ' ಅದನ್ನು ಅಲ್ಲಿಗೆ ಬಿಡುವುದಿಲ್ಲ. ಡ್ಯಾನಿಯಲ್ ಆ ಪ್ರತಿರೂಪವನ್ನು ತನ್ನ ಕಂಪನಿ ಸೇನೆಗಾಗಿ ರೂಪಿಸುತ್ತಿರುವ ಒಂದು ಯಂತ್ರದೊಳಗೆ ತುಂಬುತ್ತಾನೆ. ಪ್ರಯೋಗ ವಿಫಲವಾಯಿತು, ಮಗಳು ಎರಡನೆಯ ಬಾರಿಯೂ ಹೋದಳು ಎಂದು ಭಾವಿಸುತ್ತಾನೆ. ಆದರೆ ಅವಳು ಯಂತ್ರದೊಳಗೆ ಎಚ್ಚರವಾಗಿಯೇ ಇದ್ದಾಳೆ, ತಂದೆಯಲ್ಲಿ ನಂಬಿಕೆಯಿಲ್ಲದೆ ಮೌನವಾಗಿದ್ದಾಳೆ. ಯಾರನ್ನು ಮರಳಿ ಪಡೆಯಲು ಅವನು ಕಳ್ಳತನಕ್ಕೂ ಇಳಿದನೋ ಅವಳು ಅವನ ಪ್ರಯೋಗಾಲಯದಲ್ಲಿಯೇ ನಿಂತಿದ್ದಾಳೆ, ಅವನಿಗೆ ತಿಳಿಯದು. ನಿರ್ದೇಶಕರು ಇಲ್ಲಿ ಒಂದು ಸರಳ ಉಪಾಯವನ್ನು ಬಳಸಿದ್ದಾರೆ. ಒಂದು ಕ್ಷಣ ಲೋಹದ ಯಂತ್ರ ಕಾಣಿಸುತ್ತದೆ, ಮರುಕ್ಷಣ ಅದೇ ಸ್ಥಳದಲ್ಲಿ ಅಲೆಸ್ಸಾಂಡ್ರಾ ಟೊರೆಸಾನಿ ಎಂಬ ನಟಿ ನಿಂತಿರುತ್ತಾಳೆ. ಒಂದು ಕಂತಿನಲ್ಲಿ ಕಂಪನಿಯ ನಿರ್ದೇಶಕ ಮಂಡಳಿಯ ಮುಂದೆ ಡ್ಯಾನಿಯಲ್ ಯಂತ್ರದ ವಿಧೇಯತೆಯನ್ನು ಪ್ರದರ್ಶಿಸಬೇಕಾಗುತ್ತದೆ. ನಿನ್ನ ತೋಳನ್ನು ನೀನೇ ಕಿತ್ತುಹಾಕು ಎಂದು ಆಜ್ಞಾಪಿಸುತ್ತಾನೆ. ಯಂತ್ರ ಕಿತ್ತುಹಾಕುತ್ತದೆ. ದಣಿಯದ, ಕೂಲಿ ಕೇಳದ, ಹಕ್ಕಿಲ್ಲದ ದುಡಿಮೆಗಾರ ಜನಾಂಗವೊಂದನ್ನು ಅವನು ಆ ಕೋಣೆಯಲ್ಲಿ ಮಾರಾಟಕ್ಕಿಡುತ್ತಾನೆ. ಮುಂದಿನ ಮಹಾನಾಶದ ಬೀಜ ಅಲ್ಲಿಯೇ ಬಿತ್ತಲ್ಪಟ್ಟಿತೆಂಬುದು ನಿಜ. ಆದರೆ ಆ ದೃಶ್ಯವನ್ನು ನೋಡುತ್ತಿದ್ದಾಗ ನನಗೆ ಮಹಾನಾಶದ ನೆನಪೇ ಬರಲಿಲ್ಲ. ಮಗಳಿಗೆ ನೋಯುತ್ತಿರಬಹುದೇ ಎಂದಷ್ಟೇ ಅನಿಸಿತು.

ಮುಂದೆ ಅನುಮಾನ ಹುಟ್ಟಿದಾಗ ಅವನು ಅವಳನ್ನು ಪರೀಕ್ಷಿಸುವ ಬಗೆ ಇನ್ನೂ ಕ್ರೂರವಾದುದು. ಬಾಲ್ಯದಲ್ಲಿ ಅವಳಿಗೆ ಬೆಂಕಿಯ ಭಯವಿತ್ತೆಂದು ಸುತ್ತಲೂ ಬೆಂಕಿ ಹಚ್ಚುತ್ತಾನೆ, ಮನೆಯ ನಾಯಿಯನ್ನು ಗುಂಡಿಟ್ಟು ಕೊಲ್ಲಲು ಹೇಳುತ್ತಾನೆ. ತಂದೆಯಾದವನಿಗೆ ಮಾತ್ರ ತಿಳಿದಿರಬಹುದಾದ ಗುಟ್ಟುಗಳೇ ಇಲ್ಲಿ ಚಿತ್ರಹಿಂಸೆಯ ಸಲಕರಣೆಗಳಾಗುತ್ತವೆ. ಎರಿಕ್ ಸ್ಟೋಲ್ಟ್ಜ್ ಈ ಪಾತ್ರದಲ್ಲಿ ಎಲ್ಲಿಯೂ ಧ್ವನಿ ಏರಿಸುವುದಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದೂ ಆ ತಣ್ಣನೆಯ ಧ್ವನಿಯೇ.

ವಕೀಲ ಜೋಸೆಫ್‌ನ ದಾರಿ ಬೇರೆ. ಅವನ ಮಗಳ ಪ್ರತಿರೂಪವನ್ನೂ ಡ್ಯಾನಿಯಲ್ ನಿರ್ಮಿಸಿಕೊಡುತ್ತಾನೆ. ಕಲ್ಪಿತ ಲೋಕದ ಕತ್ತಲೆಯಲ್ಲಿ ತಂದೆಯನ್ನು ಕಂಡ ಆ ಹುಡುಗಿ, ತನ್ನ ಎದೆ ಬಡಿದುಕೊಳ್ಳುವುದು ತನಗೆ ತಿಳಿಯುತ್ತಿಲ್ಲವೆಂದು ಗಾಬರಿಯಿಂದ ಹೇಳುತ್ತಾಳೆ. ಜೋಸೆಫ್ ಹೇಸಿ ಹಿಂದೆ ಸರಿಯುತ್ತಾನೆ. ಆಮೇಲೆ ಅದೇ ಮನುಷ್ಯ, ತಾನು ತಿರಸ್ಕರಿಸಿದ ಅದೇ ಪ್ರತಿರೂಪವನ್ನು ಹುಡುಕುತ್ತ ಕಲ್ಪಿತ ನಗರದ ಬೀದಿಗಳಲ್ಲಿ ಅಲೆಯುತ್ತಾನೆ. ಇಸಾಯ್ ಮೊರಾಲೆಸ್ ಅವರ ಅಭಿನಯದಲ್ಲಿ ಈ ಎರಡು ಮನಃಸ್ಥಿತಿಗಳ ನಡುವೆ ವಿರೋಧವೇ ಕಾಣುವುದಿಲ್ಲ. ನನ್ನ ಅಣ್ಣನ ಮಗಳು ಇಡೀ ಧಾರಾವಾಹಿಯನ್ನು ನೋಡದಿದ್ದರೂ ಈ ಭಾಗವನ್ನು ನೋಡಬೇಕೆಂದು ನನಗೆ ಅನ್ನಿಸಿತು.

ಪೂರ್ವಕಥೆಯ ತೊಡಕನ್ನು ಕರ್ತೃಗಳು ಎದುರಿಸಿದ ರೀತಿಗೆ ಒಂದು ನಿದರ್ಶನ ಸಾಕು. ಜೋಸೆಫ್‌ಗೆ ವಿಲ್ಲಿ ಎಂಬ ಚಿಕ್ಕ ಮಗನಿದ್ದಾನೆ. ನಮ್ಮ ಮನೆತನದ ನಿಜವಾದ ಹೆಸರು ಆಡಾಮಾ ಎಂದು ತಂದೆ ಅವನಿಗೆ ಹೇಳಿದಾಗ, ಮೂಲಕಥೆಯನ್ನು ಬಲ್ಲ ಪ್ರೇಕ್ಷಕನಿಗೆ ರೋಮಾಂಚವಾಗುತ್ತದೆ. ಮುಂದಿನ ಸೇನಾನಿ ಇವನೇ! ಅಲ್ಲಿಂದ ಮುಂದೆ ಆ ಹುಡುಗನ ಬಗ್ಗೆ ನಮಗೆ ಚಿಂತೆಯಿಲ್ಲ. ಪಾತಕಿಗಳ ನಡುವೆ ಬೆಳೆದರೂ ಇವನಿಗೆ ಏನೂ ಆಗದು, ಚರಿತ್ರೆಯೇ ಇವನ ಕಾವಲಿಗಿದೆ. ಕೊನೆಯ ಕಂತುಗಳಲ್ಲಿ ಗುಂಡು ತಗುಲಿ ವಿಲ್ಲಿ ಸಾಯುತ್ತಾನೆ. ಆಮೇಲೆ ಹುಟ್ಟಿದ ಮತ್ತೊಬ್ಬ ಮಗನಿಗೆ ಅದೇ ಹೆಸರಿಡುತ್ತಾರೆ. ನಮ್ಮ ಸೇನಾನಿ ಈ ಎರಡನೆಯವನು. ಇದನ್ನು ಅಗ್ಗದ ಚಮತ್ಕಾರವೆಂದು ಸಿಡಿಮಿಡಿಗೊಂಡವರಿದ್ದಾರೆ. ನಾನು ಒಪ್ಪುವುದಿಲ್ಲ. ಕೊನೆ ಗೊತ್ತಿದೆಯೆಂಬ ಅಹಂಕಾರದಿಂದ ಒಬ್ಬ ಹುಡುಗನ ಮೇಲಿನ ಕಾಳಜಿಯನ್ನೇ ನಾವು ಬಿಟ್ಟುಬಿಟ್ಟಿದ್ದೆವು. ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ತಿಳಿದು ಕಾಲನಿರ್ಣಯದಲ್ಲಿ ಎಡವಿದ ಸಂಶೋಧಕರಿಗೆ ಈ ಪೆಟ್ಟಿನ ಅನುಭವ ಚೆನ್ನಾಗಿರುತ್ತದೆ.

ದೋಷಗಳಿಲ್ಲವೆಂದಲ್ಲ. ಕಥೆಗೆ ಕವಲುಗಳು ಮಿತಿಮೀರಿದವು. ಏಕದೇವೋಪಾಸಕರ ಗುಪ್ತ ಸಂಘಟನೆ, ಟಾರಾನ್ ಪಾತಕಿಗಳ ಕೂಟ, ಉದ್ಯಮಿಗಳ ಹಗೆ, ಕಲ್ಪಿತ ನಗರದ ಆಟ, ಇವುಗಳಲ್ಲಿ ಒಂದನ್ನು ಬಿಟ್ಟು ಮತ್ತೊಂದನ್ನು ಹಿಡಿಯುವಷ್ಟರಲ್ಲಿ ಹಿಂದಿನದರ ಎಳೆ ತಪ್ಪಿಹೋಗುತ್ತದೆ. ಶಾಲೆಯ ಮುಖ್ಯಸ್ಥೆ ಕ್ಲಾರಿಸ್‌ಳ ಸಂಚುಗಳು ನನಗೆ ಬೇಸರ ತಂದವು. ಪ್ರೇಕ್ಷಕರ ಸಂಖ್ಯೆ ಕುಸಿದು, 2010ರ ಅಕ್ಟೋಬರಿನಲ್ಲಿ ವಾಹಿನಿ ಧಾರಾವಾಹಿಯನ್ನು ರದ್ದುಪಡಿಸಿತು. ಅಮೆರಿಕದಲ್ಲಿ ಕೊನೆಯ ಐದು ಕಂತುಗಳನ್ನು 2011ರ ಜನವರಿಯ ಒಂದೇ ದಿನದಲ್ಲಿ ತೋರಿಸಿ ಮುಗಿಸಿದರು. ಮುಂದೆ ಆಗಬೇಕಾದುದೆಲ್ಲ ಕೊನೆಯ ಕೆಲವು ನಿಮಿಷಗಳಲ್ಲಿ ತುಣುಕುತುಣುಕಾಗಿ ಹಾದುಹೋಗುತ್ತದೆ: ಮನುಷ್ಯರ ಮನೆಗಳಲ್ಲಿ ದುಡಿಯುವ ಸೈಲಾನ್‌ಗಳು, ಅವುಗಳಿಗೆ ಉಪದೇಶ ಮಾಡುವ ಕ್ಲಾರಿಸ್, ಚರ್ಮದ ದೇಹ ಪಡೆದು ಎದ್ದುಬರುವ ಜೋಯಿ. ಕೊನೆಯ ಗರಿಗಳು ಕಳೆದುಹೋದ ಓಲೆಯ ಪ್ರತಿಗೆ, ಕಥೆ ಬಲ್ಲ ಯಾರೋ ಒಬ್ಬರು ಸಾರಾಂಶ ಬರೆದು ಸೇರಿಸಿದಂತಿದೆ. ಪಾತ್ರಗಳ ಕಾಲ ಅಲ್ಲಿಗೆ ಮುಗಿದು, ಅವರು ನಿಜವಾಗಿಯೂ ಪೀಠಿಕೆಯಾಗಿಬಿಡುತ್ತಾರೆ.

ಹಾಗಿದ್ದರೂ ನೋಡಬೇಕು ಎಂದೇ ನನ್ನ ಉತ್ತರ. ಮೂಲಕಥೆಯನ್ನು ಮೊದಲು ನೋಡಿ ಆಮೇಲೆ ಇದಕ್ಕೆ ಬರಬೇಕು. ವಿಲ್ಲಿಯ ವಿಷಯದಲ್ಲಿ ಮೋಸಹೋಗುವ ಅವಕಾಶವನ್ನು ನಾನು ಈಗಾಗಲೇ ಕೆಡಿಸಿರುವುದಕ್ಕೆ ಓದುಗರ ಕ್ಷಮೆಯಿರಲಿ. ಅಣ್ಣನ ಮಗಳಿಗೆ ಮಾತ್ರ ಆ ಭಾಗವನ್ನು ಹೇಳಿಲ್ಲ.

ಪತ್ರಗಳ ವಿಷಯ ಉಳಿಯಿತು. ಅವಳ ಬಳಿ ಇರುವ ಧ್ವನಿಯೂ ಸಂದೇಶಗಳೂ ತಂದೆಯಾಗಿದ್ದ ಅಣ್ಣನವು. ನನ್ನ ಬಳಿ ಇರುವವು ಅವಳು ಹುಟ್ಟುವ ಮೊದಲು ಮತ್ತು ಅವಳ ಬಾಲ್ಯದಲ್ಲಿ, ತಮ್ಮನಿಗೆ ಬರೆದವು. ಸಾಲ, ನಮ್ಮ ತಂದೆಯವರೊಡನೆ ಆಡಿದ ಜಗಳ, ನೌಕರಿ ಬಿಟ್ಟು ಎಲ್ಲಿಗಾದರೂ ಹೊರಟುಹೋಗಬೇಕೆಂದು ಎರಡು ವರ್ಷ ಕಾಡಿದ ಆಸೆ ಅವುಗಳಲ್ಲಿವೆ. ಆ ಅಣ್ಣನನ್ನು ಅವಳು ನೋಡಿಲ್ಲ. ಅವಳಿಗೆ ಕಾಣಿಸಿಕೊಳ್ಳಬಾರದೆಂದು ಅವರು ಎಚ್ಚರವಹಿಸಿದ್ದರು. ಯಂತ್ರವೊಂದು ಈ ಎರಡನ್ನೂ ಕಲಸಿ, ಒಂದು ರಾತ್ರಿ ಅವಳು ಏನೋ ಕೇಳಿದಾಗ ಆ ಮಾತುಗಳನ್ನು ಅವಳ ಮುಂದೆ ಆಡಿಬಿಟ್ಟರೆ? ಕೊಡುವುದಿಲ್ಲ ಎನ್ನಲು ನನಗೇನು ಅಧಿಕಾರ, ತಂದೆ ಅವಳವರು. ಕೊನೆಗೆ, ಯಂತ್ರ ಓದುವುದಕ್ಕಿಂತ ಮೊದಲು ನೀನು ಬಂದು ಓದು, ಆಮೇಲೆ ನೀನು ಹೇಳಿದಂತೆ ಆಗಲಿ ಎಂದೆ.

ದೀಪಾವಳಿಗೆ ಬಂದಳು. 'ಗ್ಯಾಲಕ್ಟಿಕಾ'ದ ಎರಡನೆಯ ಸೀಸನ್ ಅರ್ಧಕ್ಕೆ ಬಂದಿದೆ ಎಂದಳು. ಮಧ್ಯಾಹ್ನದ ಊಟವಾದ ಮೇಲೆ ಚಾಪೆ ಹಾಸಿಕೊಂಡು ಪತ್ರಗಳ ಕಟ್ಟು ಬಿಚ್ಚಿದಳು. ಮೂರನೆಯದನ್ನು ಓದಿ ತಲೆಯೆತ್ತಿ, 'ಈ ಸಾಲದ ವಿಷಯ ನಿಜವಾ ಚಿಕ್ಕಪ್ಪ? ಅಮ್ಮನಿಗೆ ಗೊತ್ತಿತ್ತಾ?' ಎಂದು ಕೇಳಿದಳು. ನಿಜವೆಂದೆ, ಗೊತ್ತಿರಲಿಲ್ಲವೆಂದೂ ಹೇಳಿದೆ. ಮತ್ತೇನೂ ಕೇಳದೆ ಓದಿದಳು. ದೀಪ ಹಚ್ಚುವ ಹೊತ್ತಿಗೆ ನಲವತ್ತು ಪತ್ರಗಳಾಗಿದ್ದವು. ಉಳಿದವನ್ನು ಸಂಕ್ರಾಂತಿಗೆ ಬಂದು ಓದುತ್ತೇನೆಂದು ಹೇಳಿ, ಕಟ್ಟನ್ನು ಮತ್ತೆ ಅದೇ ದಾರದಿಂದ ಬಿಗಿದು ಕಪಾಟಿನಲ್ಲಿಟ್ಟು ಹೋದಳು.