ಮರವಿಲ್ಲದ ಘಾಟಿಯಲ್ಲಿ

ಘಾಟಿ ಅಂದರೆ ನಿಮಗೆ ಏನು ನೆನಪಾಗುತ್ತದೆ ಹೇಳಿ? ಹಸಿರು, ಮಂಜು, ಬಂಡೆಯ ಸಂದಿಯಿಂದ ರಸ್ತೆಗೇ ಸುರಿಯುವ ನೀರು, ಹೊಟ್ಟೆ ತೊಳಸುವ ತಿರುವುಗಳು, ಅಲ್ಲವೇ? ನನಗೂ ಅಷ್ಟೇ ಗೊತ್ತಿದ್ದದ್ದು. ನಮ್ಮ ಯಜಮಾನರು ಇಪ್ಪತ್ತೆರಡು ವರ್ಷ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸಿದವರು. ಹಾಗಾಗಿ ಘಾಟಿಯ ವಿಷಯದಲ್ಲಿ ನನಗೂ ಸ್ವಲ್ಪ ಜಂಬ ಇತ್ತು ಅನ್ನಿ.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಫೆಬ್ರವರಿಯಲ್ಲಿ, "ಅಮ್ಮಾ, ಮರುಭೂಮಿ ನೋಡೋಣ ಬಾ, ಘಾಟಿಯೂ ಇದೆ" ಅಂದಳು. ಡೆತ್ ವ್ಯಾಲಿ ಎಂದು ಜಾಗದ ಹೆಸರು, ಅಂದರೆ ಸಾವಿನ ಕಣಿವೆ! ಹೊರಡುವ ಹೊತ್ತಿನಲ್ಲಿ ಇಂಥ ಹೆಸರು ಹೇಳುತ್ತಾರೆಯೇ? 1849ರಲ್ಲಿ ಚಿನ್ನದ ಆಸೆಗೆ ಹೊರಟ ಒಂದು ಗುಂಪು ಇಲ್ಲಿ ದಾರಿ ತಪ್ಪಿ ಬಹಳ ಪಾಡು ಪಟ್ಟಿತಂತೆ, ಆಗ ಬಂದ ಹೆಸರಿದು. ಆದರೆ ಟಿಂಬಿಶಾ ಶೋಶೋನಿ ಜನ ಅದಕ್ಕೂ ಎಷ್ಟೋ ಹಿಂದಿನಿಂದ ಅಲ್ಲೇ ಬದುಕಿದವರು. 2000ದಲ್ಲಿ ಕಾನೂನು ಮಾಡಿ ಅವರ ನೆಲದಲ್ಲಿ ಒಂದಿಷ್ಟನ್ನು ಅವರಿಗೆ ಹಿಂದಿರುಗಿಸಿದ್ದಾರೆ. ಜಾಗ 1994ರಿಂದ ರಾಷ್ಟ್ರೀಯ ಉದ್ಯಾನ. ಉದ್ಯಾನ ಎಂದೊಡನೆ ಹೂಗಿಡ ಹುಡುಕಬೇಡಿ, ನಾನು ಹುಡುಕಿ ಮಗಳಿಂದ ನಗಿಸಿಕೊಂಡೆ.

ಲಾಸ್ ಏಂಜಲೀಸ್ ಕಡೆಯಿಂದ ಹೋಗುವವರು ಒಲಾಂಚಾ ಎಂಬ ಸಣ್ಣ ಊರಿನ ಹತ್ತಿರ 190ನೇ ಹೆದ್ದಾರಿಗೆ ತಿರುಗಬೇಕು. ಅಲ್ಲಿಗೆ ಮುಂಚೆಯೇ ಪೆಟ್ರೋಲು ತುಂಬಿಸಿಕೊಳ್ಳಿ. ಮುಂದೆ ಫೋನೂ ಸಿಗುವುದಿಲ್ಲ, ಆದ್ದರಿಂದ ಕಾಗದದ ನಕ್ಷೆಯೊಂದು ಕೈಯಲ್ಲಿರಲಿ. ತಲೆಗೆ ದಿನಕ್ಕೆ ನಾಲ್ಕು ಲೀಟರಿನ ಲೆಕ್ಕದಲ್ಲಿ ನೀರು ಬೇಕೇ ಬೇಕು. ನಾನಂತೂ ಪುಳಿಯೋಗರೆ, ಚಟ್ನಿಪುಡಿ, ಒಂದು ಡಬ್ಬಿ ಕೋಡುಬಳೆ ಕಟ್ಟಿಕೊಂಡಿದ್ದೆ. ಸ್ವೆಟರನ್ನೂ ಮರೆಯಬೇಡಿ. ಮರುಭೂಮಿ ಎಂದು ತೆಳು ಸೀರೆ ಉಟ್ಟು ಹೊರಟ ನಾನು ಘಾಟಿಯ ತಲೆಯಲ್ಲಿ ಗಡಗಡ ನಡುಗಿದೆ.

ದಾರಿ ಮೊದಲು ಪನಮಿಂಟ್ ಎಂಬ ಕಣಿವೆಗೆ ಇಳಿದು, ಅದನ್ನು ನೇರವಾಗಿ ದಾಟಿ, ಎದುರಿನ ಬೆಟ್ಟ ಹತ್ತುತ್ತದೆ. ಅದೇ ಟೌನ್ ಪಾಸ್, 4,956 ಅಡಿ ಎತ್ತರ. ಒಂದು ಮರವಿಲ್ಲ, ಒಂದು ಹನಿ ನೀರಿಲ್ಲ. ಬೆಟ್ಟದ ಎಲುಬೆಲ್ಲ ಹೊರಗೇ ಕಾಣುತ್ತದೆ: ಇಟ್ಟಿಗೆ ಕೆಂಪು, ಬೂದಿ, ಹುರಿದ ಕಾಫಿಬೀಜದ ಬಣ್ಣ, ನಡುವೆ ಅರಿಶಿನದ ಪಟ್ಟೆ. ಬೆಟ್ಟದ ಬಾಯಿಂದ ಕಣಿವೆಯ ಕಡೆಗೆ ಬೀಸಣಿಗೆ ಬಿಚ್ಚಿದ ಹಾಗೆ ಜಲ್ಲಿಕಲ್ಲಿನ ದೊಡ್ಡ ದೊಡ್ಡ ರಾಶಿ ಹರಡಿದೆ. "ಇದನ್ನೆಲ್ಲ ಯಾರು ತಂದು ಸುರಿದರು?" ಎಂದೆ. "ನೀರು ಅಮ್ಮಾ" ಅಂದಳು ಮಗಳು. ನಂಬಿಕೆ ಬರಲಿಲ್ಲ. ಕಣಿವೆಯ ತಳದಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು ಎರಡು ಅಂಗುಲ ಮಳೆ. ನಮ್ಮ ಮಲೆನಾಡಿನಲ್ಲಿ ಆಷಾಢದ ಒಂದು ಬೆಳಗಿಗೂ ಅದು ಸಾಲದು! ಆದರೆ ಬಂದಾಗ ಒಟ್ಟಿಗೇ ಬರುತ್ತದೆ. ಹಿಡಿದಿಡಲು ಬೇರಿಲ್ಲ, ಹೀರಲು ಮಣ್ಣಿಲ್ಲ. 2023ರ ಆಗಸ್ಟ್ 20ರಂದು ವರ್ಷದ ಮಳೆಯೆಲ್ಲ ಒಂದೇ ದಿನ ಸುರಿದು ರಸ್ತೆಗಳು ಕಿತ್ತುಹೋದವು. ಅಕ್ಟೋಬರ್ ನಡುವಿನ ತನಕ ಇಡೀ ಉದ್ಯಾನವನ್ನೇ ಮುಚ್ಚಿದ್ದರು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ನಮ್ಮ ಚಾರ್ಮಾಡಿಯೂ ಮುಚ್ಚಿತ್ತಲ್ಲ, ಅದು ನೆನಪಾಯಿತು.

ಈಗ ಇಳಿಜಾರಿನ ವಿಷಯಕ್ಕೆ ಬರುತ್ತೇನೆ. ಘಾಟಿಯ ತಲೆಯಿಂದ ಸ್ಟವ್‌ಪೈಪ್ ವೆಲ್ಸ್ ಎಂಬ ತಂಗುದಾಣಕ್ಕೆ ಸುಮಾರು 27 ಕಿಲೋಮೀಟರು. ಅಷ್ಟರಲ್ಲಿ ಹತ್ತಿರ ಹತ್ತಿರ ಐದು ಸಾವಿರ ಅಡಿ ಇಳಿದು ಸಮುದ್ರಮಟ್ಟ ಮುಟ್ಟುತ್ತೀರಿ. ಚಾರ್ಮಾಡಿಯಲ್ಲಿ ತಿರುವು ಬಂದಾಗೆಲ್ಲ ಗಾಡಿ ತಾನಾಗಿ ನಿಧಾನವಾಗಬೇಕು. ಇಲ್ಲಿ ರಸ್ತೆ ಬಹುಪಾಲು ನೇರ, ಅಗಲ, ಎದುರಿಗೆ ಗಾಡಿಯೇ ಇಲ್ಲ. ನೋಡಿದರೆ ಇಳಿಜಾರು ಅಂತಲೇ ಅನ್ನಿಸುವುದಿಲ್ಲ. ಮೋಸ ಇರುವುದೇ ಅಲ್ಲಿ. ಮಗಳು ಆಗಾಗ ಬ್ರೇಕ್ ಒತ್ತುತ್ತ ಮಾತಾಡುತ್ತ ಬರುತ್ತಿದ್ದಳು. ಅರ್ಧ ದಾರಿಯಲ್ಲಿ ನನ್ನ ಮೂಗಿಗೆ ಒಂದು ವಾಸನೆ ಬಡಿಯಿತು. ಬಾಣಲೆಯಲ್ಲಿ ಏನೋ ಸೀದ ಹಾಗೆ, ಜೊತೆಗೆ ರಬ್ಬರಿನ ಕಮಟು. ಆ ವಾಸನೆ ನನಗೆ ಗೊತ್ತು. ಎಷ್ಟೋ ರಾತ್ರಿ ಯಜಮಾನರ ಖಾಕಿ ಅಂಗಿಗೆ ಅದು ಅಂಟಿಕೊಂಡು ಮನೆಗೆ ಬರುತ್ತಿತ್ತು.

"ಗಾಡಿ ನಿಲ್ಲಿಸು" ಎಂದೆ.

"ಏನಿಲ್ಲ, ಸುಮ್ನಿರಮ್ಮ, ನಿಂಗೆ ಡ್ರೈವಿಂಗ್ ಬರುತ್ತಾ?"

ಬರುವುದಿಲ್ಲ ನಿಜ. ಒಂದು ದಿನವೂ ಸ್ಟೀರಿಂಗ್ ಮುಟ್ಟಿದವಳಲ್ಲ. ಆದರೆ ಹಿಂದಿನ ಸೀಟಿನಲ್ಲಿ ಆರು ವರ್ಷದ ಮೊಮ್ಮಗ ನಿದ್ದೆ ಹೋಗಿದ್ದ. ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತು. ಅವಳು ಬ್ರೇಕ್ ಒತ್ತಿದಳು. ಕಾಲು ಎಂದಿಗಿಂತ ಆಳಕ್ಕೆ ಹೋಯಿತಂತೆ. ಅದನ್ನು ಅವಳು ಹೇಳಿದ್ದು ಆಮೇಲೆ. ಆ ಕ್ಷಣ ಮುಖ ಮಾತ್ರ ಬಿಳಿಚಿಕೊಂಡಿತು. ಅಂತೂ ರಸ್ತೆ ಬದಿಯ ಜಲ್ಲಿಯ ಮೇಲೆ ಗಾಡಿ ನಿಂತಿತು. ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ.

ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಬಿಸಿಯಾದ ಬ್ರೇಕಿಗೆ ನೀರು ಸುರಿಯಬಾರದು, ತಾನಾಗಿ ಆರಬೇಕು. ಇದೂ ಯಜಮಾನರಿಂದ ಕಲಿತದ್ದೇ. ಅವರು ಇನ್ನೊಂದು ಮಾತು ಹೇಳುತ್ತಿದ್ದರು: ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ. ಮಗಳದು ಆಟೋಮ್ಯಾಟಿಕ್ ಕಾರು, ಗೇರಿನ ಗೊಡವೆಯೇ ಇಲ್ಲ ಅಂತ ಅವಳ ನಂಬಿಕೆ. ಆದರೆ ಅದರಲ್ಲೂ ಕೆಳಗಿನ ಗೇರಿಗೆ ಒಂದು ಗುರುತು ಇದ್ದೇ ಇರುತ್ತದೆ. ಗಾಡಿಯ ಪುಸ್ತಕ ತೆಗೆದು ಇಬ್ಬರೂ ಹುಡುಕಿದೆವು. ಸಿಕ್ಕಿತು. ಉಳಿದ ದಾರಿಯನ್ನು ಇಂಜಿನ್ನು ಗುಂಯ್ ಎನ್ನುತ್ತ ತಾನೇ ತಡೆದುಕೊಂಡು ಇಳಿಯಿತು. ನಿಮ್ಮ ಮಕ್ಕಳು ಇಂಥ ಕಡೆ ಗಾಡಿ ಓಡಿಸುವವರಾದರೆ ಇದೊಂದನ್ನು ಕೇಳಿ ನೋಡಿ, ಅವರಿಗೆ ಗೊತ್ತಿದೆಯೋ ಇಲ್ಲವೋ. ಬೇಸಿಗೆಯಲ್ಲಿ ಏರುವಾಗ ಏಸಿ ಆರಿಸಬೇಕು ಎನ್ನುವುದೂ ತಿಳಿದಿರಲಿ. ನನ್ನ ಮಟ್ಟಿಗೆ ಹೇಳುವುದಾದರೆ ಬೇಸಿಗೆಯಲ್ಲಿ ಅಲ್ಲಿಗೆ ಹೋಗಲೇಬೇಡಿ. 1913ರ ಜುಲೈ 10ರಂದು ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ!

ಕೆಳಗೆ ಬ್ಯಾಡ್‌ವಾಟರ್ ಎಂಬಲ್ಲಿ ನೆಲ ಸಮುದ್ರಕ್ಕಿಂತ 282 ಅಡಿ ಕೆಳಗಿದೆ. ಪಕ್ಕದ ಬಂಡೆಯ ಮೇಲೆ, ಕತ್ತೆತ್ತಿ ನೋಡುವಷ್ಟು ಎತ್ತರದಲ್ಲಿ, ಸಮುದ್ರಮಟ್ಟ ಇಲ್ಲಿ ಎಂದು ಬರೆದ ಫಲಕ ಹಾಕಿದ್ದಾರೆ. ಕಾಲಡಿ ಕಣ್ಣು ಹಾಯುವ ತನಕ ಉಪ್ಪು. ಚೂರು ನಾಲಿಗೆಗೆ ಹಚ್ಚಿದೆ, ನಮ್ಮ ಕಲ್ಲುಪ್ಪೇ. ಒಂದು ಹಿಡಿ ಸೆರಗಿಗೆ ಕಟ್ಟಿಕೊಳ್ಳಲು ಹೋದರೆ ಮಗಳು ಕೈ ಹಿಡಿದಳು. ಉದ್ಯಾನದಿಂದ ಕಲ್ಲಾಗಲಿ ಉಪ್ಪಾಗಲಿ ಏನೂ ಒಯ್ಯುವ ಹಾಗಿಲ್ಲವಂತೆ. ಇದೇ ಕಣಿವೆಯಿಂದ 1883ರಿಂದ 88ರವರೆಗೆ ಬಿಳಿಗಾರ ಹೊರಟಿತ್ತು. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಹಾಕುತ್ತಾರಲ್ಲ, ಅದೇ. ಇಪ್ಪತ್ತು ಪ್ರಾಣಿ ಕಟ್ಟಿದ ಬಂಡಿಗಳು 265 ಕಿಲೋಮೀಟರು ಎಳೆದು ರೈಲು ಮುಟ್ಟಿಸುತ್ತಿದ್ದವು. ಆ ಗಾಡಿಯವರಿಗೆ ಇಳಿಜಾರಿನಲ್ಲಿ ಹೇಗಿತ್ತೋ ಎಂದು ಆ ಹೊತ್ತಿನಲ್ಲಿ ನನಗೆ ಅದೇ ಯೋಚನೆ.

ಮರುದಿನ ಅದೇ ಘಾಟಿ ಏರಿ ಹೊರಟೆವು. ತಲೆ ಮುಟ್ಟಿ ಪನಮಿಂಟ್ ಕಡೆಗೆ ಇಳಿಜಾರು ಶುರುವಾಯಿತು. ನಾನು ಬಾಯಿ ತೆರೆಯುವುದರೊಳಗೆ ಮಗಳು ಗೇರು ಇಳಿಸಿ, ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದಳು. ಪಕ್ಕದಲ್ಲಿ ಕೂತಿದ್ದ ಮೊಮ್ಮಗ, "ಅಜ್ಜೀ, ಕೋಡುಬಳೆ ಮುಗೀತಾ?" ಎಂದ. ಡಬ್ಬಿಯ ತಳದಲ್ಲಿ ಎರಡು ಉಳಿದಿದ್ದವು.